ತೋಟದ ಆಳಿನ ಸುರಕ್ಷೆ, ತೋಟದ ಧಣಿಯ ಹೊಣೆ



ಮಳೆಗಾಲ ಹತ್ತಿರವಾದಂತೆ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ, ವರ್ಕಾಡಿ ಕಡೆಯ ತೋಟಗಳಲ್ಲಿ ಮೈಲುತುತ್ತು, ಸುಣ್ಣ, ಪಂಪು, ಪೈಪುಗಳ ಮಾತು ಶುರುವಾಗುತ್ತದೆ. ಮದ್ದು ಬಿಡುವವನು ಯಾವ ದಿನ ಸಿಗುತ್ತಾನೆ ಎಂಬುದೇ ಆಗ ದೊಡ್ಡ ಚಿಂತೆ. ಅವನು ಬಂದ ದಿನ ಮನೆಯ ಯಜಮಾನ ಮರದ ಬುಡದಲ್ಲಿ ನಿಂತು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಜಾಗ್ರತೆ ಮಾರಾಯ, ಮರ ಜಾರುತ್ತದೆ." ಅಷ್ಟು ಹೇಳಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ನಮ್ಮಲ್ಲಿ ಹೆಚ್ಚಿನವರ ಭಾವನೆ. ಅದು ಮುಗಿಯುವುದಿಲ್ಲ ಎಂಬುದೇ ಈ ಸಲದ ಪಾಠ.

ಕೆಲಸದ ಸ್ಥಳದ ಸುರಕ್ಷೆ ಎಂದೊಡನೆ ನಮಗೆ ಕಾರ್ಖಾನೆ, ಹೊಗೆಗೂಡು, ತಲೆಗೆ ಹಳದಿ ಟೊಪ್ಪಿ ಇಟ್ಟವರ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಅತ್ಯಂತ ಅಪಾಯದ ದುಡಿಮೆಗಳೆಂದು ಹೆಸರಿಸುವ ಮೂರರಲ್ಲಿ ಗಣಿ ಮತ್ತು ಕಟ್ಟಡ ಕೆಲಸದ ಜೊತೆಗೆ ಕೃಷಿಯೂ ಇದೆ. ನಲವತ್ತು ಐವತ್ತು ಅಡಿಯ ಅಡಿಕೆ ಮರ, ಪಂಪಿನ ಒತ್ತಡದಲ್ಲಿ ಚಿಮ್ಮುವ ಮದ್ದು, ತೋಟದ ಮೇಲೆ ಹಾದುಹೋಗುವ ಕರೆಂಟಿನ ತಂತಿ, ಗಾಳಿಯಾಡದ ಬಾವಿ, ಗೋಬರ್ ಗ್ಯಾಸಿನ ಗುಂಡಿ ಎಲ್ಲವೂ ನಮ್ಮ ಒಂದೆರಡು ಎಕರೆಯೊಳಗೇ ಇವೆ. ನಮ್ಮ ಓದುಗರಲ್ಲಿ ಆಳುಗಳನ್ನು ಕರೆಯುವವರೂ ಇದ್ದಾರೆ, ಆಳಾಗಿ ಹೋಗುವವರೂ ಇದ್ದಾರೆ. ಬೆಳಿಗ್ಗೆ ಸ್ವಂತ ತೋಟ, ಮಧ್ಯಾಹ್ನದ ಮೇಲೆ ನೆರೆಯವರ ತೋಟ ಎನ್ನುವವರೂ ಕಡಿಮೆಯಿಲ್ಲ. ಆದುದರಿಂದ ಈ ಪಾಠ ಇಬ್ಬರಿಗೂ ಸೇರಿದ್ದು.

ಹೊಣೆ ಯಾರದು?

ಈ ಪ್ರಶ್ನೆಗೆ ನ್ಯಾಯಾಲಯಗಳು ಕೊಟ್ಟ ಉತ್ತರಗಳಲ್ಲಿ ಹೆಸರಾದದ್ದು ಸ್ಕಾಟ್ಲೆಂಡಿನ ಒಂದು ಕಲ್ಲಿದ್ದಲು ಗಣಿಯ ಮೊಕದ್ದಮೆಯದು. 1933ರಲ್ಲಿ ಪಾಳಿ ಮುಗಿಸಿ ಸುರಂಗದ ದಾರಿಯಲ್ಲಿ ಹೊರಗೆ ಬರುತ್ತಿದ್ದ ಕಾರ್ಮಿಕನೊಬ್ಬ, ಅದೇ ಹೊತ್ತಿಗೆ ಕಲ್ಲಿದ್ದಲು ಎಳೆಯುವ ಯಂತ್ರ ಚಾಲೂ ಮಾಡಿದ್ದರಿಂದ ನಡುವೆ ಸಿಕ್ಕಿ ಜಜ್ಜಿಹೋದ. ಗಣಿಯ ಒಡೆಯರ ವಾದ ಹೀಗಿತ್ತು: ನಾವು ಅನುಭವಸ್ಥ ಮೇಲ್ವಿಚಾರಕನನ್ನು ನೇಮಿಸಿದ್ದೇವೆ, ತಪ್ಪಾಗಿದ್ದರೆ ಅವನದು. ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1937ರಲ್ಲಿ ಈ ವಾದವನ್ನು ಒಪ್ಪಲಿಲ್ಲ. ಕೆಲಸ ಮಾಡಿಸುವವನಿಗೆ ಮೂರು ಹೊಣೆಗಳಿವೆ ಎಂದಿತು. ಜೊತೆಯಲ್ಲಿ ದುಡಿಯುವವರು ಕೆಲಸ ಬಲ್ಲವರಾಗಿರಬೇಕು. ಕೊಡುವ ಸಾಮಾನು, ಸಲಕರಣೆಗಳು ಸರಿಯಾಗಿರಬೇಕು. ಕೆಲಸ ನಡೆಯುವ ಕ್ರಮ ಅಪಾಯವಿಲ್ಲದ್ದಾಗಿರಬೇಕು ಮತ್ತು ಅದರ ಮೇಲೆ ಕಣ್ಣಿರಬೇಕು. ಕೆಲಸವನ್ನು ಬೇರೆಯವರಿಗೆ ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಿ ಕೈತೊಳೆದುಕೊಳ್ಳಲು ಬಾರದು.

ಮೂರನೆಯ ಹೊಣೆಯನ್ನು ಗಮನಿಸಿರಿ. ಆ ಗಣಿಯಲ್ಲಿ ಯಂತ್ರ ಹಾಳಾಗಿರಲಿಲ್ಲ, ಕಾರ್ಮಿಕನೂ ಅಜ್ಞಾನಿಯಾಗಿರಲಿಲ್ಲ. ಜನರು ನಡೆಯುವ ಹೊತ್ತಿನಲ್ಲಿ ಯಂತ್ರ ನಿಂತಿರಬೇಕು ಎಂಬ ಏರ್ಪಾಡು ಇರಲಿಲ್ಲ. ನಮ್ಮ ತೋಟಗಳಲ್ಲಿ ಆಗುವ ಅವಘಡಗಳನ್ನು ಒಂದೊಂದಾಗಿ ನೆನೆಸಿಕೊಂಡರೆ ಹೆಚ್ಚಿನವು ಈ ಬಗೆಯವೇ. "ಅವನಿಗೆ ಗ್ರಹಚಾರ ಕೂಡಿಬಂತು" ಎನ್ನುತ್ತೇವೆ. ಕೆಲಸದ ಕ್ರಮದಲ್ಲಿ ಏನು ಕೊರತೆಯಿತ್ತು ಎಂದು ಕೇಳುವವರು ಅಪರೂಪ.

ಇದು ಪರದೇಶದ ಹೊಸ ವಿಚಾರವೆಂದು ತಿಳಿಯಬೇಕಾಗಿಲ್ಲ. ಹೊಸ ಮನೆ ಕಟ್ಟಿದವನು ಯಾರೂ ಬೀಳದಂತೆ ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕೆಂಬ ಅಪ್ಪಣೆ ಬೈಬಲಿನ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲೇ ಇದೆ. ಮಾಳಿಗೆಯ ಮೇಲೆ ಓಡಾಡುವವನಿಗೆ ಎಚ್ಚರಿಕೆ ಹೇಳು ಎಂದಲ್ಲ, ಗೋಡೆ ಕಟ್ಟು ಎಂದು.

ಮೊದಲು ಅಪಾಯವನ್ನೇ ತೆಗೆಯಿರಿ

ಸುರಕ್ಷೆಯ ಶಾಸ್ತ್ರ ಬಲ್ಲವರು ಉಪಾಯಗಳನ್ನು ಒಂದು ಕ್ರಮದಲ್ಲಿ ಇಡುತ್ತಾರೆ. ಮೊದಲನೆಯದು ಅಪಾಯವನ್ನು ಬೇರುಸಹಿತ ತೆಗೆಯುವುದು. ಆಗದಿದ್ದರೆ ಹೆಚ್ಚು ಅಪಾಯದ್ದರ ಬದಲಿಗೆ ಕಡಿಮೆ ಅಪಾಯದ್ದನ್ನು ತರುವುದು. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ತಡೆ ಹಾಕುವುದು. ಅನಂತರ ಕೆಲಸದ ಹೊತ್ತು, ವಿಧಾನ, ತರಬೇತಿಗಳ ನಿಯಮ. ಕಟ್ಟಕಡೆಗೆ ಕೈಚೀಲ, ಮುಖವಾಡ, ಬೂಟು. ನಾವು ಮಾಡುವುದು ಇದರ ತಲೆಕೆಳಗು: ಏನಾದರೂ ಮಾಡಿದರೆ ಒಂದು ಮುಖವಾಡ ತಂದುಕೊಡುತ್ತೇವೆ, ಅದಕ್ಕೇ ನಿಲ್ಲಿಸುತ್ತೇವೆ.

ಅಡಿಕೆ ಮರ ಹತ್ತುವ ಕೆಲಸವನ್ನೇ ತೆಗೆದುಕೊಳ್ಳೋಣ. ಕಾಲಿಗೆ ತಳೆ ಹಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಮೇಲೇರುವ ಅನುಭವಸ್ಥ, ಒಂದು ಮರದ ತುದಿಯಿಂದಲೇ ಬಾಗಿ ಪಕ್ಕದ ಮರವನ್ನು ಹಿಡಿದು ದಾಟುತ್ತಾನೆ. ನೋಡುವವರಿಗೆ ಅದೊಂದು ಚೆಂದ. ಆದರೆ ಅವನನ್ನು ಹಿಡಿದಿಟ್ಟುಕೊಂಡಿರುವುದು ಅವನ ಎರಡು ಕೈಗಳು ಮಾತ್ರ. ಮದ್ದು ಬಿಡುವ ಕಾಲವೆಂದರೆ ಕಾಂಡದಲ್ಲಿ ಪಾಚಿ ಕಟ್ಟಿ ಜಾರುವ ಕಾಲ. ಒಂದು ಕೈಯಲ್ಲಿ ಪೈಪಿನ ಕೋಲು ಬೇರೆ.

ಇಲ್ಲಿ ಅಪಾಯವನ್ನೇ ತೆಗೆಯುವುದೆಂದರೆ ಮರ ಹತ್ತದೆ ಕೆಲಸ ಮಾಡುವುದು. ಇದು ಈಗ ಕನಸಿನ ಮಾತಲ್ಲ. ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೊನೆ ಕೊಯ್ಯಲೂ ಮದ್ದು ಬಿಡಲೂ ಆಗುತ್ತದೆ. ಬೆಲೆ ಹೆಚ್ಚು ನಿಜ. ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಂಡರೆ ಅಷ್ಟು ಭಾರವಾಗುವುದಿಲ್ಲ. ಹೊಸದಾಗಿ ಗಿಡ ನೆಡುವವರಿಗೆ ಇನ್ನೂ ಮುಂದಿನ ದಾರಿಯಿದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯು ತನ್ನ ವಿಟ್ಲದ ಕೇಂದ್ರದಲ್ಲಿ ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಂದಿಗೆ ಕೂಡಿಸಿ ಗಿಡ್ಡ ಮಿಶ್ರತಳಿಗಳನ್ನು ಮಾಡಿದೆ. ಇಂದು ನೆಡುವ ಗಿಡದ ಎತ್ತರ ಇಪ್ಪತ್ತು ವರ್ಷದ ಮೇಲಿನ ಒಬ್ಬ ಕೆಲಸಗಾರನ ಬೆನ್ನೆಲುಬಿನ ವಿಷಯ ಎಂದು ನಾವು ಯೋಚಿಸುವುದೇ ಇಲ್ಲ.

ಹಳೆಯ ತೋಟ, ದೋಟಿಯೂ ಇಲ್ಲ, ಹತ್ತಲೇಬೇಕು ಎನ್ನುವವರು ಮಾಡಬೇಕಾದದ್ದೂ ಇದೆ. ಅಣಬೆ ರೋಗ ಹಿಡಿದು ಬುಡ ಕೊಳೆತ ಮರ ಯಾವುದು, ಸಿಡಿಲು ಬಡಿದು ಒಳಗೆ ಟೊಳ್ಳಾದದ್ದು ಯಾವುದು, ಯಾವ ಮರದ ತಲೆಯಲ್ಲಿ ಕಣಜದ ಗೂಡಿದೆ ಎಂಬುದು ತೋಟದಲ್ಲಿ ದಿನಾ ಓಡಾಡುವ ಧಣಿಗೆ ಗೊತ್ತು, ಆ ದಿನ ಬಂದ ಆಳಿಗೆ ಗೊತ್ತಿಲ್ಲ. ಅಂಥ ಮರಗಳಿಗೆ ಹಿಂದಿನ ದಿನವೇ ಸುಣ್ಣದ ಪಟ್ಟಿ ಬಳಿದು ಗುರುತು ಮಾಡಿ, "ಇದಕ್ಕೆ ಹತ್ತಬೇಡ, ಇದರ ಮೇಲಿಂದ ದಾಟಲೂ ಬೇಡ" ಎಂದು ತೋರಿಸಿಕೊಡಬೇಕು. ಒಂದು ಸೌಟು ಸುಣ್ಣದ ಖರ್ಚು. ಸೊಂಟಕ್ಕೂ ಮರಕ್ಕೂ ಸುತ್ತುವ ಸುರಕ್ಷಾ ಬೆಲ್ಟನ್ನು ಧಣಿಯೇ ಕೊಡಿಸಬೇಕು, ಹಗ್ಗದ ಎಳೆ ಬಿಟ್ಟಿದೆಯೇ ಎಂದು ಪ್ರತಿ ಸಲ ನೋಡಬೇಕು. ಬೆಳಗಿನ ಮಳೆ ಬಿಟ್ಟ ಕೂಡಲೇ ಹತ್ತಿಸಬಾರದು. ಮರಗಳ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿಯಲ್ಲಿ ಮನುಷ್ಯ ಸಹಜವಾಗಿ ಅವಸರ ಮಾಡುತ್ತಾನೆ. ಮದ್ದು ಬಿಡುವ ದಿನಗಳಲ್ಲಾದರೂ ದಿನದ ಲೆಕ್ಕ ಹಿಡಿಯುವುದು ಒಳ್ಳೆಯದು ಎಂದು ನಮ್ಮ ಅಭಿಪ್ರಾಯ. ಕೆಳಗೆ ಇನ್ನೊಬ್ಬರು ಇಲ್ಲದೆ ಯಾರನ್ನೂ ಮರ ಹತ್ತಿಸಬಾರದು.

ಒಂದು ವೇಳೆ ಯಾರಾದರೂ ಬಿದ್ದರೆ? ನಮ್ಮಲ್ಲಿ ಆಗುವ ದೊಡ್ಡ ತಪ್ಪು ಇಲ್ಲಿಯೇ. ನಾಲ್ಕು ಮಂದಿ ಓಡಿಬಂದು, ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಆಟೋರಿಕ್ಷಾದ ಸೀಟಿನಲ್ಲಿ ಮಡಚಿ ಕೊಂಡೊಯ್ಯುತ್ತಾರೆ. ಬೆನ್ನೆಲುಬು ಮುರಿದಿದ್ದರೆ ಅದರೊಳಗಿನ ನರದ ಹುರಿ ಈ ಎತ್ತಾಟದಲ್ಲೇ ತುಂಡಾಗಬಹುದು. ನಡೆಯಬಹುದಾಗಿದ್ದವನು ಜೀವಮಾನವಿಡೀ ಹಾಸಿಗೆ ಹಿಡಿಯುತ್ತಾನೆ. ಬಿದ್ದವನನ್ನು ಬಿದ್ದಲ್ಲೇ ಅಲುಗಾಡದಂತೆ ಮಲಗಿಸಿ, ಒಬ್ಬರು ತಲೆ, ಕುತ್ತಿಗೆ ಹೊರಳದಂತೆ ಎರಡು ಕೈಯಲ್ಲಿ ಹಿಡಿದಿರಬೇಕು. 108ಕ್ಕೆ ಫೋನು ಮಾಡಬೇಕು. ಸಾಗಿಸಲೇಬೇಕಾದರೆ ಮೂರು ನಾಲ್ಕು ಮಂದಿ ಸೇರಿ ತಲೆ, ಬೆನ್ನು, ಸೊಂಟ, ಕಾಲು ಒಂದೇ ನೇರದಲ್ಲಿ ಮರದ ದಿಮ್ಮಿ ಹೊರಳಿಸಿದಂತೆ ಹೊರಳಿಸಿ, ಅಗಲವಾದ ಹಲಗೆ ಅಥವಾ ಕಳಚಿದ ಬಾಗಿಲಿನ ಮೇಲೆ ತಂದು, ಕಟ್ಟಿ, ಜೀಪಿನಲ್ಲೋ ಪಿಕಪ್ಪಿನಲ್ಲೋ ಮಲಗಿಸಿಯೇ ಒಯ್ಯಬೇಕು. ತೋಟದ ಕೊಟ್ಟಿಗೆಯಲ್ಲಿ ಅಂಥ ಒಂದು ಹಲಗೆ ಇಟ್ಟಿರುವುದೂ ಧಣಿಯ ಏರ್ಪಾಡಿನಲ್ಲೇ ಸೇರಿದ್ದು.

ದೋಟಿಯ ಬಗ್ಗೆ ಒಂದು ಎಚ್ಚರಿಕೆ ಉಳಿಯಿತು. ಅಲ್ಯೂಮಿನಿಯಮ್ ಕೋಲಿನಲ್ಲಿ ಕರೆಂಟು ಹರಿಯುತ್ತದೆಂದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರು ಲೋಹವಲ್ಲ, ಆದುದರಿಂದ ಭಯವಿಲ್ಲ ಎಂದು ಹಲವರು ನಂಬಿದ್ದಾರೆ. ಈ ನಂಬಿಕೆ ತಪ್ಪು. ಕಾರ್ಬನ್ ಫೈಬರಿನಲ್ಲಿಯೂ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನು ಹಾದುಹೋಗಿದ್ದರೆ ದೋಟಿಯ ಪೂರ್ತಿ ಉದ್ದಕ್ಕಿಂತ ಹೆಚ್ಚು ದೂರವನ್ನು ಎರಡೂ ಬದಿಯಲ್ಲಿ ಅಳೆದು ಗುರುತು ಹಾಕಿ, ಆ ಪಟ್ಟಿಯೊಳಗೆ ದೋಟಿ ಎತ್ತಬಾರದು. ಅಲ್ಲಿನ ಮರಗಳ ಕೆಲಸವಾಗಬೇಕಾದರೆ ವಿದ್ಯುತ್ ಕಚೇರಿಗೆ ಮುಂಚಿತವಾಗಿ ತಿಳಿಸಿ ಲೈನು ಬಂದ್ ಮಾಡಿಸಿಕೊಳ್ಳಬೇಕು. ಹಾಗೆ ಕೇಳಿಕೊಳ್ಳಬೇಕಾದವನು ತೋಟದ ಒಡೆಯ, ಆಳಲ್ಲ.

ಮದ್ದು

ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣ ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಎಂದು ಎಲ್ಲರಿಗೂ ಬಾಯಿಪಾಠ. ಹಸಿರು ಸೊಪ್ಪಿನಷ್ಟು ಸಾಧು ಎಂದು ಅದನ್ನು ಭಾವಿಸಿದವರಿದ್ದಾರೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಕುದಿದು ಸಿಡಿಯುತ್ತದೆ. ಒಂದು ಹನಿ ಕಣ್ಣಿಗೆ ಬಿದ್ದರೆ ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪೊರೆ ಸುಟ್ಟು ಬೆಳ್ಳಗಾಗಬಹುದು. ಮೈಲುತುತ್ತೂ ಕಣ್ಣಿಗೆ ಕೆಟ್ಟದ್ದು. ಸುಣ್ಣ ಅರಳಿಸುವವರಿಗೆ ಕನ್ನಡಕ ಕೊಡಬೇಕು, ಹತ್ತಿರ ಶುದ್ಧ ನೀರಿನ ಕೊಡ ಇಡಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕಾಲು ಗಂಟೆಗೂ ಹೆಚ್ಚು ಹೊತ್ತು ನೀರು ಹೊಯ್ಯುತ್ತಲೇ ಇರಬೇಕು, ಆಮೇಲೆ ಕಣ್ಣಿನ ವೈದ್ಯರಲ್ಲಿಗೆ. ಎಣ್ಣೆ, ಎದೆಹಾಲು ಏನೂ ಬೇಡ.

ಕೀಟನಾಶಕ, ಕಳೆನಾಶಕಗಳ ಮಾತು ಬೇರೆ. ಡಬ್ಬಿಯ ಮೇಲೆ ಚೌಕದೊಳಗೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತಿ ಘೋರ ವಿಷ, ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಅಕ್ಷರ ಬಾರದವನಿಗೂ ತಿಳಿಯಲೆಂದು ಮಾಡಿದ ಗುರುತು ಇದು. ಕೆಂಪಿನ ಬದಲು ಹಸಿರಿನಲ್ಲಿ ಕೆಲಸವಾಗುತ್ತದೆಯೇ, ವಿಷವೇ ಇಲ್ಲದೆ ಆಗುತ್ತದೆಯೇ ಎಂದು ಕೃಷಿಭವನದಲ್ಲಿ ಕೇಳಿ ತಿಳಿಯುವುದು ನಾವು ಮೇಲೆ ಹೇಳಿದ ಕ್ರಮದ ಮೊದಲ ಎರಡು ಮೆಟ್ಟಿಲು. ಅಂಗಡಿಯವನ ಮಾತು ಕೇಳಿ ಎರಡು ಮೂರು ಮದ್ದು ಬೆರೆಸುವುದು ಆ ಮೆಟ್ಟಿಲುಗಳನ್ನು ಕೆಳಗಿಳಿದಂತೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಮದ್ದು ಹೊಡೆದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಹತ್ತಿ ಗಿಡಗಳು ಎತ್ತರ ಬೆಳೆದಿದ್ದವು, ಮದ್ದಿನ ಮಂಜಿನೊಳಗೇ ಅವರು ನಡೆದರು. ನಮ್ಮ ಕೇರಳದಲ್ಲೇ 2019ರ ಜನವರಿಯಲ್ಲಿ ತಿರುವಲ್ಲದ ಬಳಿ ಭತ್ತದ ಗದ್ದೆಗೆ ಮದ್ದು ಹೊಡೆದ ಇಬ್ಬರು ಕಾರ್ಮಿಕರು ತೀರಿಕೊಂಡರು. ತಲೆಯೆತ್ತಿ ಮೇಲಕ್ಕೆ ಮದ್ದು ಬಿಡುವ ನಮಗೆ ಇದರಲ್ಲಿ ಕಲಿಯುವುದಿದೆ: ಬಿಟ್ಟ ಮದ್ದಿನಲ್ಲಿ ಒಂದಂಶ ಬಿಟ್ಟವನ ಮೈಮೇಲೆಯೇ ಇಳಿಯುತ್ತದೆ.

ವಿಷ ಬಾಯಿಯಿಂದ ಮಾತ್ರ ಒಳಗೆ ಹೋಗುತ್ತದೆಂದು ತಿಳಿಯಬಾರದು. ಹೊಲಕ್ಕೆ ಹೋದವನ ಮೈಗೆ ಅದು ಹೆಚ್ಚಾಗಿ ಸೇರುವುದು ಚರ್ಮದಿಂದ. ಅಂಗೈಗಿಂತ ತಲೆ, ತೊಡೆಸಂದಿಗಳ ಚರ್ಮ ಅನೇಕ ಪಟ್ಟು ಹೆಚ್ಚು ಹೀರುತ್ತದೆ. ಮದ್ದಿನಲ್ಲಿ ನೆನೆದ ಮುಂಡು ಸುತ್ತಿಕೊಂಡು ಸಂಜೆಯವರೆಗೆ ದುಡಿಯುವವನಿಗೆ ಮುಖವಾಡ ಕೊಟ್ಟು ಏನು ಪ್ರಯೋಜನ? ಉದ್ದ ತೋಳಿನ ಅಂಗಿ, ಪ್ಯಾಂಟು, ಟೊಪ್ಪಿ, ರಬ್ಬರಿನ ಕೈಚೀಲ, ಬೂಟು, ಮತ್ತು ಬದಲಿಸಲು ಇನ್ನೊಂದು ಜೊತೆ ಬಟ್ಟೆ ಬೇಕು. ಕೆಲಸ ಮುಗಿದ ಕೂಡಲೇ ಸ್ನಾನಕ್ಕೆ ಧಣಿಯ ಮನೆಯಲ್ಲೇ ನೀರು, ಸಾಬೂನು ಬೇಕು. ಆ ಬಟ್ಟೆಯನ್ನು ಅವನ ಮನೆಗೆ ಕಳಿಸಿ ಅವನ ಹೆಂಡತಿಯ ಕೈಯಲ್ಲಿ ಒಗೆಸುವುದೆಂದರೆ ನಮ್ಮ ತೋಟದ ವಿಷವನ್ನು ಅವರ ಅಂಗಳಕ್ಕೆ ಕಳಿಸಿದಂತೆ. ನಳಿಗೆ ಕಟ್ಟಿಕೊಂಡಾಗ ಬಾಯಿಂದ ಊದುವ ಚಾಳಿಯನ್ನು ಕಂಡಲ್ಲೇ ನಿಲ್ಲಿಸಬೇಕು. ಒಂದು ಹುಲ್ಲುಕಡ್ಡಿ ಸಾಕು.

ಇವೆಲ್ಲ ಧಣಿಯ ದಯೆಯಿಂದ ಕೊಡುವುವಲ್ಲ. 1968ರ ಕೀಟನಾಶಕ ಕಾಯಿದೆಯ ಕೆಳಗೆ 1971ರಲ್ಲಿ ಮಾಡಿದ ನಿಯಮಗಳಲ್ಲಿ 39ನೆಯದು, ಮದ್ದನ್ನು ತಯಾರಿಸುವ, ಸಾಗಿಸುವ, ಮಾರುವ ಕೆಲಸದವರಿಗೆ ಮಾತ್ರವಲ್ಲ, ಸಿಂಪಡಿಸುವವರಿಗೂ ತಕ್ಕ ರಕ್ಷಣೆಯ ಬಟ್ಟೆ ಇರಬೇಕು ಎನ್ನುತ್ತದೆ. ಮುಂದಿನ ನಿಯಮಗಳು ಉಸಿರಾಟದ ರಕ್ಷಣೆ, ತರಬೇತಿ, ಖಾಲಿ ಡಬ್ಬಿಗಳ ವಿಲೇವಾರಿ ಇವುಗಳ ಕುರಿತು ಹೇಳುತ್ತವೆ.

43ನೆಯ ನಿಯಮವನ್ನು ನಮ್ಮ ಎಣ್ಮಕಜೆ, ಪಡ್ರೆಯವರ ಮುಂದೆ ಹೇಳಬೇಕಾದಾಗ ನಾಲಗೆ ತೊದಲುತ್ತದೆ. ಆಕಾಶದಿಂದ ಮದ್ದು ಬಿಡುವ ಮುಂಚೆ ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ, ಜಾನುವಾರು ಅತ್ತ ಹೋಗದಂತೆ ತಡೆಯಬೇಕು, ತೊಳೆದುಕೊಳ್ಳುವ ಹಾಗೂ ಪ್ರಥಮ ಚಿಕಿತ್ಸೆಯ ಏರ್ಪಾಡು ಇರಬೇಕು ಎಂದು 1971ರಿಂದಲೇ ಪುಸ್ತಕದಲ್ಲಿದೆ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, 2000ದಲ್ಲಿ ಅದು ನಿಂತದ್ದು, 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ಹೇರಿದ್ದು, 2017ರ ಜನವರಿಯಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆಯಾದದ್ದು ಇವನ್ನು ನಾವು ಹೇಳಿ ನೀವು ತಿಳಿಯಬೇಕಾಗಿಲ್ಲ. ಆ ಗುಡ್ಡಗಳ ಬುಡದಲ್ಲಿ ಮನೆಗಳಿದ್ದವು, ತೋಡುಗಳಿದ್ದವು, ಜನ ನೀರು ಕುಡಿಯುವ ಸುರಂಗಗಳಿದ್ದವು. ಕೆಲಸ ಮಾಡಿಸುವವನ ಹೊಣೆ ಅವನ ಬೇಲಿಯಲ್ಲಿ ಮುಗಿಯುವುದಿಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ನಮ್ಮ ಸಣ್ಣ ತೋಟದಲ್ಲಿಯೂ ನಾಳೆ ಮದ್ದು ಬಿಡುತ್ತೇವೆಂದು ನೆರೆಮನೆಯವರಿಗೆ ಇವತ್ತು ತಿಳಿಸುವ ರೂಢಿ ಬೆಳೆಯಲಿ. ಬಾವಿಗೆ ಮುಚ್ಚಲು, ಒಣಹಾಕಿದ ಬಟ್ಟೆ ತೆಗೆಯಲು ಅವರಿಗೂ ಸಮಯ ಬೇಕಲ್ಲ!

ಮದ್ದು ಬಿಟ್ಟವನಿಗೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣು ಮಂಜು, ಮಾಂಸದ ಅದುರುವಿಕೆ ಕಂಡರೆ ಅದು ಬಿಸಿಲಿನ ಆಯಾಸವೆಂದು ಮಲಗಿಸಿಬಿಡಬೇಡಿ. ಬಟ್ಟೆ ಪೂರ್ತಿ ಕಳಚಿ, ಸಾಬೂನು ಹಾಕಿ ತಲೆಯಿಂದ ಪಾದದವರೆಗೆ ತೊಳೆದು, ಮದ್ದಿನ ಡಬ್ಬಿಯ ಸಮೇತ ಆಸ್ಪತ್ರೆಗೆ ಕೊಂಡೊಯ್ಯಿರಿ. ತೊಳೆಯುವವರು ಕೈಚೀಲ ಹಾಕಿಕೊಳ್ಳಬೇಕು. ಹಾಲು, ಎಣ್ಣೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಡಬ್ಬಿಯ ಚೀಟಿಯಲ್ಲಿ ಪ್ರತಿವಿಷದ ಹೆಸರಿರುತ್ತದೆ. ವೈದ್ಯರಿಗೆ ಅದನ್ನು ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ.

ಬಾವಿ ಮತ್ತು ಗುಂಡಿ

ಬಾವಿಯ ಕೆಸರು ತೆಗೆಯಲು ಇಳಿಯುವ ಮೊದಲು ದೀಪ ಇಳಿಸಿ ನೋಡುವ ಹಿರಿಯರ ಕ್ರಮ ಒಳ್ಳೆಯದು. ದೀಪ ಆರಿದರೆ ಉಸಿರಾಡುವ ಗಾಳಿ ಇಲ್ಲ ಎಂದು ಅರ್ಥ. ಆದರೆ ದೀಪ ಉರಿದ ಮಾತ್ರಕ್ಕೆ ವಿಷಗಾಳಿ ಇಲ್ಲವೆಂದು ಹೇಳಲಾಗದು. ಗೋಬರ್ ಗ್ಯಾಸಿನ ಗುಂಡಿಗೆ, ಕಕ್ಕಸಿನ ಗುಂಡಿಗೆ ಬೆಂಕಿ ಇಳಿಸುವುದಂತೂ ಸ್ಫೋಟಕ್ಕೆ ಆಹ್ವಾನ. ಬಾವಿಗೆ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರಾದರೂ ಹಿಡಿದಿರಬೇಕು. ಕೆಳಗಿದ್ದವನು ಕುಸಿದನೆಂದು ಇನ್ನೊಬ್ಬ ಹಾರಿದರೆ ಇಬ್ಬರೂ ಹೋಗುತ್ತಾರೆ; ಇಂಥ ಸುದ್ದಿಗಳಲ್ಲಿ ಸತ್ತವರ ಸಂಖ್ಯೆ ಒಂದಕ್ಕೆ ನಿಲ್ಲದಿರುವುದು ಇದೇ ಕಾರಣದಿಂದ. ಬಾವಿಯೊಳಗೆ ಡೀಸೆಲ್, ಪೆಟ್ರೋಲ್ ಪಂಪು ಇಳಿಸಿ ಓಡಿಸುವುದು ಅದನ್ನು ನಾವೇ ಹೊಗೆಯ ಗೂಡು ಮಾಡಿದಂತೆ.

ಕಕ್ಕಸಿನ ಗುಂಡಿಗೆ ಮನುಷ್ಯರನ್ನು ಇಳಿಸಿ ಅಪಾಯಕರ ರೀತಿಯಲ್ಲಿ ಶುಚಿ ಮಾಡಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಈ ನಿಷೇಧ ಪಂಚಾಯತಿಗೂ ಇದೆ, ಮನೆಯ ಯಜಮಾನನಿಗೂ ಇದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆಮನೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಯಂತ್ರದ ಲಾರಿ ತರಿಸಿರಿ.

ಮಾತು ತಿಳಿಯದವರು

ಈಗ ನಮ್ಮ ತೋಟಗಳಿಗೆ ಜಾರ್ಖಂಡ್, ಬಂಗಾಳ, ಅಸ್ಸಾಮಿನ ಹುಡುಗರು ಬರುತ್ತಿದ್ದಾರೆ. ನಮ್ಮ ಕನ್ನಡ, ತುಳು, ಮಲಯಾಳ ಅವರಿಗೆ ತಿಳಿಯದು; ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಹೇಳಿದ್ದು ತಿಳಿಯಿತೇ ಎಂದು ನೋಡಲು ಒಂದೇ ದಾರಿ, ಅವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡುವುದು. ಹುಲ್ಲು ಕತ್ತರಿಸುವ ಯಂತ್ರವನ್ನು ಬೆನ್ನಿಗೆ ಕಟ್ಟಿ ಕಳಿಸುವ ಮೊದಲು, ಅದು ಹಾರಿಸುವ ಕಲ್ಲು ಕಣ್ಣು ತೆಗೆಯಬಲ್ಲದು ಎಂದು ತಿಳಿಸಿ, ಕನ್ನಡಕ ಹಾಕಿಸಿ, ಸುತ್ತ ಹದಿನೈದು ಮೀಟರಿನೊಳಗೆ ಮಕ್ಕಳಾಗಲಿ ದನವಾಗಲಿ ಇಲ್ಲದಂತೆ ನೋಡಬೇಕು. ತೋಡು, ಕೆಸರಿನಲ್ಲಿ ದುಡಿಯುವವರಿಗೆ ಇಲಿಜ್ವರದ ಭಯವಿದೆ. ಬೂಟು ಕೊಡಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿಸಿ. ಜ್ವರ ಬಂದ ದಿನವೇ ಕಳಿಸಿಕೊಡಿ, ಕೂಲಿ ಹಿಡಿಯುವ ಭಯದಿಂದ ಅವರು ಮುಚ್ಚಿಡುತ್ತಾರೆ.

ಕಾನೂನು ಏನು ಹೇಳುತ್ತದೆ?

"ಇವೆಲ್ಲ ದೊಡ್ಡ ಎಸ್ಟೇಟಿನವರಿಗೆ, ನಮಗೇನು?" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆ ಚಹಾ, ಕಾಫಿ, ರಬ್ಬರ್, ಏಲಕ್ಕಿಗಳಂಥ ಬೆಳೆಗಳ ದೊಡ್ಡ ತೋಟಗಳಿಗಾಗಿ ಬಂದದ್ದು. ಅದರ ಜಾಗಕ್ಕೆ ಬಂದ 2020ರ ವೃತ್ತಿ ಸುರಕ್ಷೆ, ಆರೋಗ್ಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅಪಾಯವಿಲ್ಲದ ಕೆಲಸದ ಜಾಗ, ನೇಮಕದ ಪತ್ರ, ಧಣಿಯ ಖರ್ಚಿನಲ್ಲಿ ಆರೋಗ್ಯ ತಪಾಸಣೆ ಇವನ್ನು ಅದು ಕಡ್ಡಾಯ ಮಾಡುತ್ತದೆ. ಸಾಮಾನ್ಯವಾಗಿ ಅದು ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವಲ್ಲಿಗೆ. ಮೂರು ಆಳು ಕರೆಯುವ ನಮ್ಮ ತೋಟ ಅದರ ಹೊರಗೆ.

ಹಾಗೆಂದು ನಾವು ಕಾನೂನಿನ ಹೊರಗಲ್ಲ. ಮೇಲೆ ಹೇಳಿದ ಮದ್ದಿನ ನಿಯಮಗಳಿಗೆ ಎಕರೆಯ ಲೆಕ್ಕವಿಲ್ಲ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಸೆಕ್ಷನ್ ಇದೆ, ಐದು ವರ್ಷದವರೆಗೆ ಶಿಕ್ಷೆ. ಕೆಲಸದಲ್ಲಿ ಗಾಯ, ಸಾವು ಆದರೆ ಪರಿಹಾರ ಕೊಡಬೇಕೆಂಬ 1923ರ ಕಾಯಿದೆಯ ಪಟ್ಟಿಯಲ್ಲಿ ಕೃಷಿಯಲ್ಲಿ ಕೀಟನಾಶಕ ಸಿಂಪಡಿಸುವವರು, ಟ್ರ್ಯಾಕ್ಟರು ಮತ್ತಿತರ ಯಂತ್ರಗಳಿಂದ ಬೇಸಾಯ ಮಾಡುವವರು ಸೇರಿದ್ದರು. ದಿನಗೂಲಿಯವನು ಇದಕ್ಕೆ ಸೇರುವುದಿಲ್ಲ ಎಂಬ ವಾದಕ್ಕೆ 2000ದ ತಿದ್ದುಪಡಿ ಜಾಗ ಉಳಿಸಲಿಲ್ಲ. ಈಗ ಆ ಪರಿಹಾರದ ಭಾಗವು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಅಧ್ಯಾಯವಾಗಿದೆ.

ಲೆಕ್ಕ ಹೇಗೆಂದರೆ: ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು, ಪೂರ್ಣ ಶಾಶ್ವತ ಅಂಗವಿಕಲತೆಯಾದರೆ ನೂರಕ್ಕೆ ಅರವತ್ತನ್ನು, ವಯಸ್ಸಿಗೆ ಗೊತ್ತುಮಾಡಿದ ಅಂಕದಿಂದ ಗುಣಿಸಬೇಕು. 1923ರ ಕಾಯಿದೆಯ ಕೋಷ್ಟಕದಲ್ಲಿ 40 ವರ್ಷಕ್ಕೆ ಆ ಅಂಕ 184.17. ಲೆಕ್ಕಕ್ಕೆ ಹಿಡಿಯುವ ಕೂಲಿ 15,000 ರೂಪಾಯಿ ಎಂದಾದರೆ ಸಾವಿಗೆ 13,81,275, ಶಾಶ್ವತವಾಗಿ ಹಾಸಿಗೆ ಹಿಡಿದರೆ 16,57,530 ರೂಪಾಯಿ. ಒಂದು ಎಕರೆ ತೋಟ ಮಾರಬೇಕಾಗಿ ಬರುವಂಥ ಮೊತ್ತ. ತಿಂಗಳೊಳಗೆ ಕೊಡದಿದ್ದರೆ ಬಡ್ಡಿ ಬೇರೆ.

"ಅವನದೇ ಅಜಾಗ್ರತೆ" ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಕುಡಿದು ಕೆಲಸ ಮಾಡಿದ್ದ, ಕೊಟ್ಟ ರಕ್ಷಣೆಯನ್ನು ಬೇಕೆಂದೇ ತೆಗೆದಿದ್ದ ಎಂಬ ಕಾರಣಗಳನ್ನು ಕಾನೂನು ಕೇಳುತ್ತದೆ, ಆದರೆ ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆದಲ್ಲಿ ಅವನ್ನೂ ಕೇಳುವುದಿಲ್ಲ. "ಏನಾದರೂ ನಾನೇ ಹೊಣೆ" ಎಂದು ಆಳಿನಿಂದ ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ. "ಗುತ್ತಿಗೆಗೆ ಕೊಟ್ಟಿದ್ದೇನೆ" ಎಂದರೂ ನಮ್ಮ ಕಸುಬಿನ ಕೆಲಸವಾದರೆ ಮೊದಲು ಕೊಡಬೇಕಾದವರು ನಾವು. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಗಣಿಯ ಒಡೆಯರಿಗೆ 1937ರಲ್ಲಿ ಸಿಕ್ಕಿದ ಉತ್ತರವೇ ಇದು.

ವಿಮೆಯ ದಾರಿಗಳಿವೆ. ಬ್ಯಾಂಕು ಖಾತೆಯಿರುವ 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಕೇರಳದ ಕೃಷಿ ಕಾರ್ಮಿಕರ ಕ್ಷೇಮನಿಧಿಯೂ ಇದೆ. ವರ್ಷವಿಡೀ ನಮ್ಮಲ್ಲಿಗೆ ಬರುವ ಆಳಿನ ಹೆಸರು ಇವುಗಳಲ್ಲಿ ಇದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಆ ಇಪ್ಪತ್ತು ರೂಪಾಯಿಯನ್ನು ನಾವೇ ಕಟ್ಟಿಸಬಹುದು. ಆದರೆ ವಿಮೆ ಮಾಡಿಸಿದವನು ಗುರುತು ಹಾಕದ ಕೊಳೆತ ಮರಕ್ಕೆ ಆಳನ್ನು ಹತ್ತಿಸಬಹುದೆಂದು ಅರ್ಥವಲ್ಲ.

ಆಳಾಗಿ ಹೋಗುವವರಿಗೂ ಒಂದೆರಡು ಮಾತು. ಕೊಟ್ಟ ಬೆಲ್ಟು, ಕೈಚೀಲಗಳನ್ನು ಸೆಖೆ ಎಂದು ಗೂಟಕ್ಕೆ ನೇತುಹಾಕುವುದು ಸರಿಯಲ್ಲ. ಮರ ಜಾರುತ್ತದೆ, ಹಗ್ಗ ಸವೆದಿದೆ, ತಂತಿ ಹತ್ತಿರವಿದೆ ಎಂದು ಕಂಡರೆ ಹೇಳುವುದು ಹೇಡಿತನವಲ್ಲ. ಹೇಳಿದ ಮೇಲೆ ಇಳಿದು ನಿಲ್ಲುವ ಹಕ್ಕೂ ನಿಮ್ಮದು. ಹಾಗೆ ನಿಂತವನನ್ನು ಮರುದಿನ ಕೆಲಸಕ್ಕೆ ಕರೆಯದಿರುವ ಧಣಿಗಳು ನಮ್ಮ ನಡುವೆ ಇದ್ದಾರೆಂಬುದೂ ನಮಗೆ ಗೊತ್ತಿದೆ. ಅಂಥವರ ಮನೆಯ ಹೆಂಗಸರು ಈ ಪುಟವನ್ನು ಓದಿ ಹೇಳಲಿ.

ಖಾಲಿ ಡಬ್ಬಿಗಳ ವಿಷಯ ಬಾಕಿಯಾಯಿತು. ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಮದ್ದಿನ ಟಾಂಕಿಗೇ ಸುರಿದು, ಡಬ್ಬಿಗೆ ತೂತು ಹೊಡೆದು ಬೇರೆಯಾಗಿ ಕಟ್ಟಿಡಿ. ಹೇಗೆ ಒಪ್ಪಿಸಬೇಕೆಂದು ಕೃಷಿಭವನದಲ್ಲಿ ಕೇಳಿರಿ. ತೋಡಿನಲ್ಲಿ ತೊಳೆಯಬೇಡಿ, ಒಲೆಗೆ ಹಾಕಬೇಡಿ. ಅಡುಗೆಮನೆಯ ಎಣ್ಣೆಗೆ, ಕೆಲಸದವರ ಕುಡಿಯುವ ನೀರಿಗೆ ಅದೇ ಡಬ್ಬಿಯನ್ನು ತೊಳೆದು ಕೊಡುವ ಮನೆಗಳು ಈಗಲೂ ಇವೆ. ಇದ್ದರೆ ಇವತ್ತೇ ಬಿಸಾಡಿರಿ.